ನಮ್ಮ ಹೌದಿನ ಮೀನು ಉಪವಾಸ ಹಿಡಿದದ್ದು

ಜಗತ್ತಿನಲ್ಲಿ ಯಾರಿಗೆ ಬೇಕಾದರೂ ವಿಜ್ಞಾನ ಕಲಿಸಬಹುದು, ಸ್ವಂತ ಮನೆಯವರಿಗೆ ಮಾತ್ರ ಕಲಿಸಲಾಗುವುದಿಲ್ಲ. ಇಪ್ಪತ್ತಾರು ವರ್ಷ ಸೀಮೆಸುಣ್ಣದ ಪುಡಿ ಕುಡಿದವನಾಗಿ ಈ ಮಾತು ಹೇಳುತ್ತಿದ್ದೇನೆ. ಮನಗೂಳಿಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ. ಅಲ್ಲಿ ನಾನು ಕೆಮ್ಮಿದರೂ ಮುಂದಿನ ಬೆಂಚಿನ ಹುಡುಗಿಯರು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಸಂಜೆ ಬಸ್ಸಿಳಿದು ಬಸವನ ಬಾಗೇವಾಡಿಯ ನಮ್ಮ ಮನೆಯ ಹೊಸ್ತಿಲು ದಾಟಿದೆನೋ, ನನ್ನ ಬಿ.ಎಸ್‌ಸಿ., ಬಿ.ಎಡ್. ಎರಡೂ ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತವೆ. ಕುಕ್ಕರಿನ ಸೀಟಿ ಯಾಕೆ ಕೂಗುತ್ತದೆ ಎಂದು ನಾನು ವಿವರಿಸಲು ಹೋದರೆ ನನ್ನ ಹೆಂಡತಿ ಶಾಂತಾ, "ಕೂಗ್ಲಿ ಬಿಡ್ರಿ, ನೀವ್ಯಾಕ ಕೂಗ್ತೀರಿ?" ಅನ್ನುತ್ತಾಳೆ. ಗ್ರಹಣದ ದಿನ ನಾನು ಬೇಕೆಂದೇ ಒಂದು ಹಿಡಿ ಶೇಂಗಾ ಬಾಯಿಗೆ ಹಾಕಿಕೊಂಡರೆ ನಮ್ಮವ್ವ ನನ್ನನ್ನು ಬೈಯುವುದಿಲ್ಲ. ಬದಲಿಗೆ ದೇವರ ಕಡೆ ತಿರುಗಿ, "ಅಂವಗ ತಿಳಿಯಂಗಿಲ್ಲಪಾ, ಹೊಟ್ಟ್ಯಾಗ ಹಾಕ್ಕೋ" ಎಂದು ನನ್ನ ಪರವಾಗಿ ಕ್ಷಮೆ ಕೇಳುತ್ತಾಳೆ. ಬೈದಿದ್ದರೆ ವಾದವನ್ನಾದರೂ ಮಾಡಬಹುದಿತ್ತು. ಇಂಥ ಮನೆಗೆ ನಾನು ವಿಜ್ಞಾನದ ಹೆಸರಿನಲ್ಲಿ ಎರಡು ಮೀನು ತಂದೆ ಎಂದರೆ ನನ್ನ ಧೈರ್ಯವನ್ನು ನೀವೇ ಅಳೆಯಿರಿ.

ಮೀನು ಯಾಕೆ ಬಂದವು ಎಂದರೆ ನೀರಿನ ಕಥೆ ಹೇಳಬೇಕು. ನಮ್ಮ ಓಣಿಗೆ ನಳದ ನೀರು ವಾರಕ್ಕೊಮ್ಮೆ, ಭಾನುವಾರ ಮಧ್ಯಾಹ್ನ ಬರುತ್ತದೆ. ಹಾಗಾಗಿ ಪ್ರತಿ ಮನೆಯ ಅಂಗಳದಲ್ಲೂ ಸಿಮೆಂಟಿನ ಒಂದು ದೊಡ್ಡ ತೊಟ್ಟಿ, ನಾವು ಹೌದ ಅನ್ನುತ್ತೇವೆ, ಇದ್ದೇ ಇರುತ್ತದೆ. ನಮ್ಮಲ್ಲಿ ಎರಡಿವೆ. ಕುಡಿಯುವ ನೀರಿನದಕ್ಕೆ ಮುಚ್ಚಳ ಉಂಟು. ಬಳಸುವ ನೀರಿನದು ಎಮ್ಮೆ ಇಳಿದು ಮಲಗುವಷ್ಟು ದೊಡ್ಡದು, ಅದಕ್ಕೆ ಮುಚ್ಚಳವಿಲ್ಲ. ನಿಂತ ನೀರಿದ್ದ ಮೇಲೆ ಸೊಳ್ಳೆ ಬಿಟ್ಟೀತೇ? ನಮ್ಮ ವಾರ್ಡಿನ ಆರೋಗ್ಯ ಕಾರ್ಯಕರ್ತೆ ಸುಜಾತಾ, ಕೈಯಲ್ಲಿ ಟಾರ್ಚು ಹಿಡಿದು ಮನೆಮನೆಯ ಹೌದಿಗೆ ಇಣುಕುತ್ತ ಬರುತ್ತಾಳೆ. ಸೊಳ್ಳೆಯ ಮರಿಹುಳ ಕಂಡರೆ, ಅವನ್ನು ತಿನ್ನುವ ಪುಟ್ಟ ಮೀನುಗಳನ್ನು ಪ್ಲಾಸ್ಟಿಕ್ ಚೀಲದಿಂದ ಸುರಿದು ಹೋಗುತ್ತಾಳೆ. ಒಳ್ಳೆಯ ಹೆಣ್ಣುಮಗಳು, ಪಾಪ. ಆದರೆ ಆ ಮೀನು ನಮ್ಮ ನಾಡಿನದಲ್ಲ. ನಾನು ಗೇಟಿಗೆ ಅಡ್ಡ ನಿಂತು ಅವಳಿಗೆ ಅರ್ಧ ಗಂಟೆ ಪಾಠ ಮಾಡಿದೆ. ಹೊರಗಿನ ಮೀನು ಮಳೆ ಬಂದಾಗ ಗಟಾರ ಹಿಡಿದು ಹಳ್ಳಕ್ಕೆ ಇಳಿಯುತ್ತದೆ, ಅಲ್ಲಿ ನಮ್ಮ ಮೀನಿನ ಮೊಟ್ಟೆ ಮರಿ ಎಲ್ಲ ತಿನ್ನುತ್ತದೆ, ನಮ್ಮ ಹಳ್ಳದಲ್ಲೇ ಸೊಳ್ಳೆ ತಿನ್ನುವ ಮೀನಿರುವಾಗ ಪರದೇಶದ್ದು ಯಾಕೆ ಬೇಕು, ಇತ್ಯಾದಿ. ಸುಜಾತಾ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಎಲ್ಲವನ್ನೂ ಕೇಳಿ, "ಸರ್, ನನಗ ಇನ್ನ ನಲವತ್ತ ಮನಿ ಅದಾವ್ರಿ. ನಿಮ್ಮ ಹಳ್ಳದ ಮೀನರ ತಂದ ಬಿಡ್ರಿ, ಇಲ್ಲಾ ವಾರಕ್ಕೊಮ್ಮೆ ಹೌದ ಖಾಲಿ ಮಾಡಿ ತಿಕ್ಕ್ರಿ. ಮಾತಿಗೆ ಸೊಳ್ಳಿ ಸಾಯಂಗಿಲ್ರಿ" ಎಂದು ಹೋದಳು.

ಮಾತು ನಾಟಿತು. ಮರುದಿನವೇ ಶಾಲೆಯಿಂದ ಬರುವಾಗ ಒಂದು ಹಳ್ಳದ ಮಡುವಿಗೆ ಇಳಿದು, ಪ್ಯಾಂಟು ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು, ಒಂದು ಜೋಡಿ ಹಿಡಿದು ತಂದೆ. ಕೊರವ ಮೀನಿನ ಗಿಡ್ಡ ಜಾತಿ. ಗೇಣುದ್ದ, ಮಣ್ಣಿನ ಬಣ್ಣ. ಸುಮ್ಮನೆ ನೋಡಿದರೆ ನೀರಿಗೆ ಬಿದ್ದ ಕಟ್ಟಿಗೆಯ ತುಂಡು. ಬಿಸಿಲು ಬಿದ್ದಾಗ ಮಾತ್ರ ರೆಕ್ಕೆಗೆ ನೀಲಿ ಹೊಳಪು ಬಂದು, ಅದರ ಅಂಚಿಗೆ ಇಳಕಲ್ ಸೀರೆಯ ದಡಿಯಂತೆ ಕೆಂಪು ಗೆರೆ ಕಾಣುತ್ತದೆ. ಈ ಮೀನು ಆಗಾಗ ಮೇಲೆ ಬಂದು ಗಾಳಿ ಕುಡಿಯುತ್ತದೆ, ಒದ್ದೆ ನೆಲದ ಮೇಲೆ ತೆವಳಿ ಇನ್ನೊಂದು ನೀರಿಗೆ ಹೋಗುತ್ತದೆ. ಇದನ್ನೆಲ್ಲ ನಾನು ಊಟಕ್ಕೆ ಕೂತಾಗ ವಿವರಿಸಿದೆ. ಯಾರೂ ಕೇಳಲಿಲ್ಲ. ಮೂರನೆಯ ದಿನ ಮಳೆ ಬಿದ್ದಾಗ ಒಂದು ಮೀನು ಹೌದಿನಿಂದ ಜಿಗಿದು ಬಚ್ಚಲಿನ ಕಡೆ ಹೊರಟದ್ದನ್ನು ಶಾಂತಾ ಕಂಡು "ಹಾವು! ಹಾವು!" ಎಂದು ಚೀರಿದಳು. ಪಕ್ಕದ ಮನೆಯವರು ಬಡಿಗೆ ಹಿಡಿದು ಬಂದರು. ನಾನು ನಡುವೆ ಹಾರಿ ಮೀನನ್ನು ಟವೆಲಿನಲ್ಲಿ ಸುತ್ತಿ ನೀರಿಗೆ ಬಿಟ್ಟೆ. ಊಟದ ಹೊತ್ತಿನಲ್ಲಿ ನನ್ನ ಮಾತು ಕೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದದ್ದಕ್ಕೆ ಹೆಂಡತಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಹೌದಿನ ಮೇಲೆ ಒಂದು ಬಲೆ ಕಟ್ಟಿದೆ.

ಅವ್ವನಿಗೆ ಬೇರೆಯೇ ಚಿಂತೆ. ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. "ಏನ್ ತಿಂತಾವೋ ತಮ್ಮಾ ಇವು?" ಎಂದು ಕೇಳಿದಳು. "ಹುಳಾ ತಿಂತಾವವ್ವಾ, ಸೊಳ್ಳಿ ಹುಳಾ" ಅಂದೆ. ಅವಳು, "ಕುಡಿಯೂ ನೀರಿನ ಸನೇಕ ತರಬ್ಯಾಡ. ಬಳಸೂ ನೀರಾಗ ಇದ್ರ ಇರವಲ್ವ್ಯಾಕ" ಎಂದು ಅಪ್ಪಣೆ ಕೊಟ್ಟಳು. ಆದರೂ ದಿನಾ ಬೆಳಿಗ್ಗೆ ಒಂದು ಚೂರು ಜೋಳದ ರೊಟ್ಟಿ ಒಗೆದು, ತಿನ್ನುತ್ತವೇನೋ ಎಂದು ಕಾಯುತ್ತ ನಿಲ್ಲುತ್ತಿದ್ದಳು. ಅವು ತಿನ್ನುತ್ತಿರಲಿಲ್ಲ. ರೊಟ್ಟಿ ನೆನೆದು ನೀರು ಕಲಕಾಗುತ್ತಿತ್ತು. ನಾನು ಬೇಡ ಅಂದರೆ, "ನಾಳಿ ತಿಂದಾವು" ಅನ್ನುತ್ತಿದ್ದಳು.

ಹೀಗೆ ಮೀನು ಬಂದು ಒಂದು ವರ್ಷ ಕಳೆಯಿತು. ಹೌದಿನಲ್ಲಿ ಒಂದು ಹುಳ ಇಲ್ಲ. ಸುಜಾತಾ ಬಂದಾಗಲೆಲ್ಲ ನಾನು ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತು, "ನೋಡವಾ, ಛಲೋತ್ನಂಗ ಟಾರ್ಚ್ ಬಿಟ್ಟ ನೋಡು" ಅನ್ನುತ್ತಿದ್ದೆ. ನಡುವೆ ಬೇಸಿಗೆಯಲ್ಲಿ ಒಂದು ಕೆಟ್ಟ ಕೆಲಸವಾಯಿತು. ನಾನು ಈ ಜೋಡಿ ಹಿಡಿದ ಮಡುವನ್ನು ಯಾರೋ ಯಂತ್ರ ತಂದು ಸಪಾಟು ಮಾಡಿಬಿಟ್ಟರು. ಒಂದು ದಿನ ಬಸ್ಸಿನ ಕಿಟಕಿಯಿಂದ ಆ ಜಾಗ ನೋಡಿದೆ. ಅಲ್ಲಿದ್ದ ಆ ಜಾತಿಯಲ್ಲಿ ಉಳಿದದ್ದು ನಮ್ಮ ಅಂಗಳದ ಈ ಎರಡೇ ಇದ್ದರೂ ಇರಬಹುದು ಅನ್ನಿಸಿತು. ಮನೆಯಲ್ಲಿ ಹೇಳಿದೆ. ಶಾಂತಾ "ಅಯ್ಯ, ಹೌದಾ?" ಅಂದಳು. ಅಷ್ಟೇ.

ಇನ್ನು ತಲೆಬೇನೆಗೆ ಬರುತ್ತೇನೆ. ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಅವ್ವ ಹೌದಿನ ಬಳಿ ನಿಂತವಳು ಒಮ್ಮೆಲೇ ಕೈ ಮುಗಿದಳು. "ಶಾಂತಾ, ಬಾ ಇಲ್ಲೆ. ಗಂಡಮೀನ ಉಪವಾಸ ಹಿಡದೈತಿ ನೋಡು." ನಾನು ಓಡಿಹೋಗಿ ನೋಡಿದರೆ, ಒಂದು ಮೀನು ಮೂಲೆಯಲ್ಲಿ ಅಲುಗದೆ ನಿಂತಿತ್ತು. ಎದುರಿಗೆ ಹುಳ ಕುಣಿಯುತ್ತಿದ್ದರೂ ಬಾಯಿ ತೆರೆಯುತ್ತಿಲ್ಲ. ಇನ್ನೊಂದು ಅದರ ಪಕ್ಕದಲ್ಲಿ ಗೇಣು ದೂರ ನಿಂತಿತ್ತು. ಸೋಮವಾರ ಹೋಯಿತು, ಮಂಗಳವಾರವೂ ಅದು ತಿನ್ನಲಿಲ್ಲ. "ಬರೇ ಸೋಮವಾರ ಅಲ್ಲ, ತಿಂಗಳ ಪೂರಾ ಹಿಡದೈತಿ" ಎಂದು ಅವ್ವ ತೀರ್ಪು ಕೊಟ್ಟಳು. ಬುಧವಾರದ ಹೊತ್ತಿಗೆ ಓಣಿಯ ಹೆಂಗಸರು ಬಂದು ನೋಡತೊಡಗಿದರು. "ನಮ್ಮ ಮನ್ಯಾಗ ಗಂಡಸರು ಒಂದ್ ಹೊತ್ತ ಬಿಡಂಗಿಲ್ಲ, ಮೀನ ನೋಡ್ರಿ" ಎಂದು ಒಬ್ಬಾಕೆ. ಇನ್ನೊಬ್ಬಾಕೆ ಬಿಲ್ವಪತ್ರೆ ತಂದಳು. ಮತ್ತೊಬ್ಬಾಕೆ ಕುಂಕುಮದ ಬಟ್ಟಲನ್ನೇ ಹೌದಿನ ಮೇಲೆ ಎತ್ತಿದಾಗ ನಾನು, "ಏ ಏ ಏ! ಬಣ್ಣಾ ಹಾಕಬ್ಯಾಡ್ರಿ!" ಎಂದು ಕೂಗಿದೆ. ಎಲ್ಲರೂ ನನ್ನನ್ನು ನೋಡಿದರು. ಅವ್ವ, "ಕುಂಕುಮ ಬ್ಯಾಡವಾ, ಹೂವೂ ಬ್ಯಾಡ. ಉಪವಾಸದವರ ಹತ್ರ ಗದ್ಲಾ ಮಾಡಬಾರದು. ದೂರಿಂದ ಕೈ ಮುಗದ ಹೋಗ್ರಿ" ಅಂದಳು. ಅವಳು ಹೇಳಿದ್ದಕ್ಕೆ ಎಲ್ಲರೂ ತಲೆ ಆಡಿಸಿ ಹಿಂದೆ ಸರಿದರು. ನಾನು ಹೇಳಿದ್ದೂ ಅದನ್ನೇ ಅಲ್ಲವೇ?

ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತಾರು ವರ್ಷ ವೈಚಾರಿಕತೆ ಬೋಧಿಸಿದವನ ಅಂಗಳದಲ್ಲಿ ಮೀನು ವ್ರತ ಹಿಡಿದಿದೆ ಎಂದರೆ ನಾಳೆ ಶಾಲೆಯಲ್ಲಿ ಮುಖ ಹೇಗೆ ತೋರಿಸಲಿ? ನಾನು ಗಮನವಿಟ್ಟು ನೋಡಿದೆ. ಮೀನಿನ ಗದ್ದ ಉಬ್ಬಿತ್ತು. ಸಣ್ಣ ಮಕ್ಕಳಿಗೆ ಮಂಗನಬಾವು ಆದಾಗ ಉಬ್ಬುತ್ತದಲ್ಲ, ಹಾಗೆ. ಊಟ ಬಿಟ್ಟಿದೆ, ಗಂಟಲು ಉಬ್ಬಿದೆ, ಮೂಲೆ ಹಿಡಿದಿದೆ: ಸೋಂಕು, ಸಂಶಯವೇ ಇಲ್ಲ. ಚಪಾತಿ ಹಿಟ್ಟಿನ ಜರಡಿಯಿಂದ ಅದನ್ನು ಎತ್ತಿ ಬಿಳಿ ಬಕೆಟ್ಟಿಗೆ ಹಾಕಿ, ಚಮಚದ ಹಿಡಿಕೆಯಿಂದ ಬಾಯಿ ತೆರೆಸಲು ನೋಡಿದೆ. ಅದು ತಲೆ ಕೊಡವಿ, ನವಣೆ ಕಾಳಿನಷ್ಟು ಹಳದಿ ಕಾಳುಗಳನ್ನು ಉಗುಳಿತು. "ಕೀವು! ಕೀವಿನ ಗಂಟು!" ಎಂದು ನಾನು ಜಯಘೋಷ ಮಾಡಿದೆ. ಅಷ್ಟರಲ್ಲಿ ಮೀನು ಆ ಕಾಳುಗಳನ್ನು ಒಂದೊಂದಾಗಿ ಮತ್ತೆ ಬಾಯಿಗೆ ತೆಗೆದುಕೊಳ್ಳತೊಡಗಿತು. ನಾನು ಸಂಭ್ರಮದಿಂದ ಕೂಗಿದೆ: "ನೋಡವ್ವಾ, ಉಣ್ಣಾಕತ್ತೈತಿ! ಎಲ್ಲಿ ಬಂತು ನಿನ್ನ ಉಪವಾಸ?"

ಅವ್ವ ನನ್ನ ಕೈಯಿಂದ ಚಮಚ ಕಿತ್ತುಕೊಂಡಳು. "ಫಳಾರ ಮಾಡಾಕತ್ತೈತಿ. ಉಪವಾಸದಾಗ ಫಳಾರ ನಡೀತೈತಿ. ಇನ್ನೊಮ್ಮಿ ಅದರ ಮೈ ಮುಟ್ಟಿದ್ರ ನಾ ಇಂಡಿ ಬಸ್ ಹತ್ತಿ ತಾಂಬಾಕ್ಕ ನಮ್ಮ ಅಣ್ಣನ ಮನಿಗೆ ಹೋಗ್ತೇನಿ ನೋಡು." ಇಷ್ಟು ಸಿಟ್ಟಿನಿಂದ ಅವಳು ನನ್ನ ಜೊತೆ ಮಾತಾಡಿ ಎಷ್ಟೋ ವರ್ಷವಾಗಿತ್ತು. ಮೀನನ್ನು ಹೌದಿಗೆ ಬಿಟ್ಟೆ. ಬಕೆಟ್ಟಿನ ತಳದಲ್ಲಿ ಎರಡು ಕಾಳು ಉಳಿದಿದ್ದವು. ಅವನ್ನು ನೀರಿನ ಜೊತೆ ಗಟಾರಕ್ಕೆ ಚೆಲ್ಲಿದೆ.

ಶನಿವಾರ ಸುಜಾತಾ ಬಂದಳು. ಟಾರ್ಚು ಬಿಟ್ಟಳು. ಒಂದು ಮೀನು ಉಪವಾಸ, ಇನ್ನೊಂದು ಅದರ ಕಾವಲು. ಹುಳಗಳು ಕೇಳುವವರಿಲ್ಲದೆ ಹೌದಿನ ತುಂಬ ಕುಣಿಯುತ್ತಿದ್ದವು. ಸುಜಾತಾ ಮೆಲ್ಲಗೆ ನಕ್ಕು, "ಸೋಮವಾರ ಮತ್ತ ಬರ್ತೇನ್ರಿ ಸರ್. ಅಷ್ಟರಾಗ ಹೌದ ಖಾಲಿ ಮಾಡಿ ತಿಕ್ಕಿಬಿಡ್ರಿ. ವಿಜ್ಞಾನದ ಮಾಸ್ತರ್ ಮನ್ಯಾಗ ಹುಳಾ ಅಂದ್ರ ನನಗs ಬರ್ಯಾಕ ನಾಚಿಕಿ ಬರ್ತೈತಿ" ಅಂದಳು. ಭಾನುವಾರ ಮಧ್ಯಾಹ್ನ ನೀರು ಬರುವ ಮೊದಲು ಹೌದ ತೊಳೆಯುವುದೆಂದು ಶಾಂತಾ ನಿರ್ಧರಿಸಿದಳು. ನಾನು ಭಾನುವಾರ ಬೆಳಿಗ್ಗೆಯೇ ಎದ್ದು, ರೋಗಿಷ್ಟ ಮೀನನ್ನು ಉಪ್ಪುನೀರಿನಲ್ಲಿ ಇಟ್ಟರೆ ಗುಣವಾಗುತ್ತದೆಂದು ಎಲ್ಲೋ ಓದಿದ್ದು ನೆನಪಾಗಿ, ಉಪ್ಪಿನ ಪ್ರಮಾಣ ತಿಳಿದುಕೊಳ್ಳಲು ಮೀನು ಬಲ್ಲವರನ್ನು ಹುಡುಕಿ ಹೊರಟೆ. ಬಾಗೇವಾಡಿಯಲ್ಲಿ ಶ್ರಾವಣದಲ್ಲಿ ನಾನು ಮೀನಿನ ಅಂಗಡಿಯ ಮುಂದೆ ನಿಂತರೆ ಮುಗಿದೇ ಹೋಯಿತು. ಅದಕ್ಕೇ ಜಾಣತನದಿಂದ ಮುದ್ದೇಬಿಹಾಳದ ಬಸ್ಸು ಹತ್ತಿದೆ. ಶಿಕ್ಷಕರ ತರಬೇತಿ ಇದೆ ಎಂದು ಮನೆಯಲ್ಲಿ ಹೇಳಿದೆ.

ಮೀನು ಮಾರುವ ಸಾಲಿನ ಕೊನೆಯಲ್ಲಿ ಬಿಳಿ ಗಡ್ಡದ ಹುಸೇನಸಾಬರು ಕೂತಿದ್ದರು. ನದಿಯ ಹಿನ್ನೀರಿನಲ್ಲಿ ಬಲೆ ಹಾಕಿ ಬೆಳೆದ ಕೈಗಳು. ನಾನು ಟವೆಲನ್ನು ಮೂಗಿನವರೆಗೆ ಎಳೆದುಕೊಂಡು, ದನಿ ತಗ್ಗಿಸಿ ಕೇಳಿದೆ: "ಸಾಹೇಬ್ರ, ಮೀನಿಗೆ ಉಪ್ಪು ಎಷ್ಟ ಹಾಕಬೇಕ್ರಿ?"

"ಎಷ್ಟ ಕಿಲೋ ಮೀನಿಗ್ರಿ?" ಅಂದರು. "ಕಿಲೋಕ್ಕ ಎರಡ ಚಮಚಾ ಹಾಕ್ರಿ. ಒಂದೀಟ ಅರಿಷಿಣಾ. ತಾಸಗಟ್ಲೆ ಇಟ್ಟ ಆಮ್ಯಾಲ ಹುಣಸಿ ಹುಳಿ—"

"ಅಯ್ಯಯ್ಯ, ಉಣ್ಣಾಕ ಅಲ್ರಿ! ಜೀವಂತ ಮೀನಿಗೆ!" ಎಂದು ನಾನು ದನಿ ಏರಿಸಿದ್ದೇ ತಪ್ಪಾಯಿತು. ಹಿಂದಿನಿಂದ, "ನಮಸ್ಕಾರ್ರಿ ಸರ್ರs!" ಎಂಬ ಕೂಗು. ತಿರುಗಿದರೆ ಪ್ರಭು. ಹತ್ತು ವರ್ಷದ ಹಿಂದೆ ನನ್ನ ಕೈಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವನು. ಟವೆಲು ಮುಚ್ಚಿಕೊಂಡಿದ್ದರೂ ದನಿಯಿಂದಲೇ ಗುರುತು ಹಿಡಿದಿದ್ದ. "ಸಾಬ್ರ, ಇವ್ರು ನಮ್ಮ ಗುರುಗಳ್ರಿ. ಚಲೋ ಮೀನ ಆರಿಸಿ ಕೊಡ್ರಿ" ಎಂದು ಸಾಲಿನುದ್ದಕ್ಕೂ ಕೇಳುವಂತೆ ಹೇಳಿ, ನನ್ನ ಹೆಗಲ ಮೇಲೆ ಕೈ ಹಾಕಿ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡು, ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ. ಇಂಥ ಗುರುಭಕ್ತಿ ವೈರಿಗೂ ಬೇಡ.

ಹುಸೇನಸಾಬರು ಅಷ್ಟರಲ್ಲಿ ನನ್ನನ್ನು ಹತ್ತಿರ ಕೂರಿಸಿಕೊಂಡು ಮೀನು ಹೇಗಿದೆ ಎಂದು ಕೇಳಿದರು. ಹೇಳಿದೆ. "ಗದ್ದ ಉಬ್ಬೇತೇನ್ರಿ? ಉಣ್ಣೂದು ಬಿಟ್ಟೈತಿ? ಹೆಣ್ಣು ಬಾಜೂಕ ನಿಂತೈತಿ?" ಪ್ರತಿಯೊಂದಕ್ಕೂ ನಾನು ಹೌದ್ರಿ ಅಂದೆ. ಅವರು ಕತ್ತಿ ಕೆಳಗಿಟ್ಟು, ಗಡ್ಡ ಅಲುಗುವಂತೆ ನಕ್ಕರು. "ಸರ್ರ, ಅದಕ್ಕ ಬ್ಯಾನಿ ಬಂದಿಲ್ರಿ, ಮಕ್ಕಳ ಬಂದಾವ್ರಿ! ಹೆಣ್ಣು ತತ್ತಿ ಹಾಕಿರತೈತಿ, ಗಂಡು ಅವನ್ನ ಬಾಯಾಗ ಇಟ್ಕೊಂಡ ಕಾಯ್ತೈತಿ. ಮರಿ ಹೊರಗ ಬರೂತನಕ ಒಂದ ಹುಳಾ ತಿನ್ನಂಗಿಲ್ಲ. ತಿಂದ್ರ ಮಕ್ಕಳೂ ಹೊಟ್ಟ್ಯಾಗ ಹೋಗ್ತಾವಲ್ರಿ." ಆಮೇಲೆ ನಗು ನಿಲ್ಲಿಸಿ, "ನೀವೇನರ ಮುಟ್ಟೀರೇನ್ರಿ ಅದನ್ನ?" ಎಂದು ಕೇಳಿದರು. ನಾನು ಚಮಚದ ಕಥೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. "ಅಂಜಸಬ್ಯಾಡ್ರಿ. ಅಂಜಿತಂದ್ರ ಉಗುಳತೈತಿ, ಇಲ್ಲಾ ನುಂಗತೈತಿ. ನಾ ಸಣ್ಣವ ಇದ್ದಾಗ ಹಳ್ಳಾ, ಬಾವಿ, ಎಲ್ಲಿ ನೋಡಿದ್ರೂ ಇದ್ದುವ್ರಿ. ಬಾವಿ ಮುಚ್ಚಿದ್ರು, ಹಳ್ಳಾ ಕೆದರಿದ್ರು. ಈಗ ನಾ ಕಣ್ಣಿಲೆ ನೋಡದs ಎಷ್ಟ ವರ್ಷ ಆತೋ. ಮರಿ ಆದ್ರ ನನಗ ನಾಕು ಕೊಡ್ರಿ. ಮಾರಾಕ ಅಲ್ರಿ, ನಮ್ಮ ಹೊಲದ ಬಾವ್ಯಾಗ ಬಿಡಾಕ."

ಗಟಾರಕ್ಕೆ ಚೆಲ್ಲಿದ ಆ ಎರಡು ಹಳದಿ ಕಾಳು ಕಣ್ಣ ಮುಂದೆ ಬಂದವು. ಅದರ ಮೇಲೆ ಇನ್ನೊಂದು ನೆನಪಾಯಿತು. ಮಧ್ಯಾಹ್ನ ಶಾಂತಾ ಹೌದ ಖಾಲಿ ಮಾಡುತ್ತಾಳೆ, ಮೀನನ್ನು ಜರಡಿಯಿಂದ ಎತ್ತಿ ಬಕೆಟ್ಟಿಗೆ ಹಾಕುತ್ತಾಳೆ! ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಕಟ್ ಮಾಡಿದಳು. ಮೂರನೆಯ ಸಲ ಸ್ವಿಚ್ ಆಫ್. ಆಮೇಲೆ ತಿಳಿದದ್ದು: ಪ್ರಭು ಆ ಫೋಟೋವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದ, "ಮೀನು ಮಾರ್ಕೆಟ್‌ನಲ್ಲಿ ನನ್ನ ನೆಚ್ಚಿನ ಗುರುಗಳೊಂದಿಗೆ" ಎಂದು. ಅವನ ಹೆಂಡತಿಯ ತವರು ಸಿಂದಗಿ. ಸಿಂದಗಿಯಲ್ಲಿ ಅವರ ಮನೆಯ ಎದುರಿಗೇ ನನ್ನ ತಂಗಿಯ ಮನೆ. ಮುದ್ದೇಬಿಹಾಳದ ಸುದ್ದಿ ಸಿಂದಗಿ ಸುತ್ತಿ ಬಾಗೇವಾಡಿಗೆ ಬರಲು ಹತ್ತು ನಿಮಿಷವೂ ಹಿಡಿಯಲಿಲ್ಲ. ನನಗೆ ಬರಲು ಬಸ್ಸು ಬೇಕಿತ್ತು. ಆ ಬಸ್ಸಿನ ಡ್ರೈವರು ದಾರಿಯಲ್ಲಿ ನಿಲ್ಲಿಸಿ ಚಹಾ ಕುಡಿದ, ಆಮೇಲೆ ಯಾರದೋ ಟ್ರಾಕ್ಟರಿನ ಟೈರನ್ನು ಒಳಗೆ ಹತ್ತಿಸಿಕೊಂಡ, ಅದನ್ನು ಇಳಿಸಲು ಮತ್ತೊಮ್ಮೆ ನಿಲ್ಲಿಸಿದ. "ಲಗೂನ ಬಿಡ್ರೀ, ಮನ್ಯಾಗ ಬಾಣಂತಿ ಅದಾರ" ಎಂದು ನಾನು ಅಂಗಲಾಚಿದೆ. ಕಂಡಕ್ಟರ್ ಮರುಕದಿಂದ, "ಮಗಳಾ, ಸೊಸಿ ಏನ್ರಿ?" ಎಂದು ಕೇಳಿದ. ಏನು ಹೇಳಲಿ? ಸುಮ್ಮನೆ ಮೇಲೆ ನೋಡಿದೆ. ಅವನು ಬೇರೆಯೇ ಅರ್ಥ ಮಾಡಿಕೊಂಡು ನನಗೆ ಸೀಟು ಬಿಡಿಸಿಕೊಟ್ಟ.

ಮನೆಯ ಬಾಗಿಲಿಗೆ ಬಂದಾಗ ಅಂಗಳದಲ್ಲಿ ಸದ್ದಿಲ್ಲ. ಒಳಗೆ ನೋಡುತ್ತೇನೆ: ಅವ್ವ ಹೌದಿನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಒಂದು ಕೈಯನ್ನು ಹೌದಿನ ಅಂಚಿಗೆ ಊರಿ ಕೂತಿದ್ದಾಳೆ. ಎದುರಿಗೆ ಶಾಂತಾ, ಒಂದು ಕೈಯಲ್ಲಿ ಕಸಬರಗಿ, ಒಂದು ಕೈಯಲ್ಲಿ ಜರಡಿ. ನಳದಿಂದ ನೀರು ಬಂದು ಹೋಗಿತ್ತು. ಕೊಡ, ಬಕೆಟ್ಟು, ಕುಕ್ಕರು, ಹಾಲಿನ ತಂಬಿಗೆ, ಎಲ್ಲದರಲ್ಲೂ ನೀರು. ಹೌದಿನಲ್ಲಿ ಮಾತ್ರ ಹಳೆಯ ನೀರೇ, ಮೊಣಕಾಲುದ್ದ. ಅದರ ಮೂಲೆಯಲ್ಲಿ ಗದ್ದ ಉಬ್ಬಿಸಿಕೊಂಡು ನಮ್ಮ ಮಹಾನುಭಾವ. "ಬಂದ್ರಾ? ತರಬೇತಿ ಮುಗೀತಾ?" ಎಂದು ಶಾಂತಾ ಶುರು ಮಾಡಿದಳು. "ಇವ್ರು ನೋಡಿದ್ರ ಶ್ರಾವಣದಾಗ ಮೀನ ಮಾರ್ಕೆಟ್ಟಿನ್ಯಾಗ ಫೋಟೋ ತೆಗಸ್ಕೊಂತಾರ. ಅತ್ತಿ ನೋಡಿದ್ರ ಉಪವಾಸ ಮುಗಿಯೂತನಕ ಹೌದ ಮುಟ್ಟಗೊಡಂಗಿಲ್ಲ ಅಂತ ಕುಂತಾರ. ಒಂದ ವಾರದ ನೀರ ಹೋತು! ಮೈ ಹೆಂಗ ತೊಳ್ಕೋತೀರಿ ಈಗ, ಮೀನಿನ ಎಂಜಲದಾಗ?"

ನಾನು ಅವಳ ಕೈಯ ಜರಡಿ ತೆಗೆದುಕೊಂಡು, ಉಸಿರು ಬಿಡದೆ ಎಲ್ಲವನ್ನೂ ಹೇಳಿದೆ. ಅವಳು ನಂಬಲಿಲ್ಲ. ಬಗ್ಗಿ ನೋಡಿದಳು. ಅದೇ ಹೊತ್ತಿಗೆ ಮೀನು ಬಾಯಿಯನ್ನು ಕೂದಲೆಳೆಯಷ್ಟು ತೆರೆದು, ಬಾಯಿ ಮುಕ್ಕಳಿಸಿದಂತೆ ಮಾಡಿತು. ಒಳಗೆ ಹಳದಿ ಮಿಂಚಿ ಮಾಯವಾಯಿತು. ಶಾಂತಾಳ ಕೈಯಿಂದ ಕಸಬರಗಿ ಜಾರಿತು. "ಅಯ್ಯ ಶಿವನ! ಖರೇನs ಗಂಡಸೇನ್ರಿ ಅದು? ಉಣ್ಣಂಗಿಲ್ಲಾ? ಮಕ್ಕಳ ಸಲುವಾಗಿ?" ಅಂದಳು. ಆಮೇಲೆ ನನ್ನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದಳು. "ನಮ್ಮ ಮಗಳು ಹುಟ್ಟಿದಾಗ ನೀವು ಧಾರವಾಡದಾಗ ಗೆಳ್ಯಾನ ಲಗ್ನದ ಜಿಲೇಬಿ ಉಣ್ಣಾಕತ್ತಿದ್ರಿ." ಇಪ್ಪತ್ಮೂರು ವರ್ಷದ ಹಿಂದಿನ ಜಿಲೇಬಿ ಅದು. ಒಂದು ಮೀನಿನಿಂದಾಗಿ ಮೇಲೆ ಬಂತು.

ಆ ದಿನದಿಂದ ಹೌದಿನ ಯಜಮಾನಿಕೆ ಶಾಂತಾಳದಾಯಿತು. ಸೋಮವಾರ ಬಂದ ಸುಜಾತಾಳನ್ನು ಗೇಟಿನಲ್ಲೇ ನಿಲ್ಲಿಸಿ, "ಮೆಲ್ಲಕ ಮಾತಾಡವಾ" ಎಂದಳು. ಸುಜಾತಾ ಕೂಡ ಬಗ್ಗಿ ನೋಡಿ, ಟಾರ್ಚು ಆರಿಸಿ, ಬಾಯಿಗೆ ಸೆರಗು ಹಿಡಿದುಕೊಂಡಳು. ಆದರೆ ಅವಳಿಗೂ ನಲವತ್ತು ಮನೆಯ ಲೆಕ್ಕವಿದೆ. ಹುಳ ಇರುವಂತಿಲ್ಲ, ಹೌದ ಖಾಲಿ ಮಾಡುವಂತೆಯೂ ಇಲ್ಲ. ಮೂವರು ಹೆಂಗಸರೂ ಕೂಡಿ ಒಂದು ಉಪಾಯ ಕಂಡುಹಿಡಿದು ಏಕಕಾಲಕ್ಕೆ ನನ್ನ ಕಡೆ ನೋಡಿದರು. ಅಂದಿನಿಂದ ದಿನಾ ಬೆಳಿಗ್ಗೆ ನಾನು ಚಹಾ ಸೋಸುವ ಜಾಳಿಗೆ ಹಿಡಿದು, ಮೀನಿಗೆ ಗಾಬರಿಯಾಗದಂತೆ ಹೌದಿನ ಆಚೆ ಮೂಲೆಯಿಂದ ಹುಳ ಸೋಸಬೇಕು. ಸೋಸಿದ್ದನ್ನು ಹೆಣ್ಣುಮೀನಿನ ಮುಂದೆ ಬಿಡಬೇಕು. ಸೊಳ್ಳೆ ಹುಳ ಹಿಡಿಯಲೆಂದು ಮೀನು ತಂದವನು ನಾನು. ಈಗ ಅದರ ಕೆಲಸ ನಾನು ಮಾಡುತ್ತಿದ್ದೆ, ಅದು ಮೂಲೆಯಲ್ಲಿ ನಿಂತು ನನ್ನನ್ನು ನೋಡುತ್ತಿತ್ತು. ಸ್ನಾನಕ್ಕೆ ಅರ್ಧ ಬಕೆಟ್ಟು. ಶಾಲೆಯಲ್ಲಿ ಸಹೋದ್ಯೋಗಿಗಳು ಒಂದು ಕುರ್ಚಿ ದೂರ ಕೂರತೊಡಗಿದರು. ಮೀನು ಮಾರ್ಕೆಟ್ಟಿನ ಫೋಟೋ ಅವರೂ ನೋಡಿದ್ದರಿಂದ, ವಾಸನೆಗೆ ಅವರೇ ಒಂದು ಕಾರಣ ಕಲ್ಪಿಸಿಕೊಂಡಿದ್ದರು. ನಾನು ತಿದ್ದಲು ಹೋಗಲಿಲ್ಲ. ತಿದ್ದಿದ್ದರೆ ಉಪವಾಸದ ಕಥೆ ಹೇಳಬೇಕಾಗುತ್ತಿತ್ತು.

ಒಂದು ಬೆಳಿಗ್ಗೆ ಜಾಳಿಗೆ ಹಿಡಿದು ಹೋದಾಗ ಗಂಡುಮೀನಿನ ತಲೆಯ ಸುತ್ತ ಕಪ್ಪು ಚುಕ್ಕೆಗಳು ಅಲುಗುತ್ತಿದ್ದವು. ಸಾಸಿವೆಗೆ ಬಾಲ ಬಂದಂತೆ. ನಾನು ಉಸಿರು ಹಿಡಿದು ನೋಡುತ್ತ ನಿಂತೆ. ಕಣ್ಣು ತುಂಬಿ ಬಂತು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಗದ್ದ ಇಳಿದು, ಮೈ ಸೊರಗಿ, ತಲೆಯೊಂದೇ ದೊಡ್ಡದಾಗಿ ಕಾಣುತ್ತಿದ್ದ ಆ ಬಡಪಾಯಿ, ನನ್ನ ಜಾಳಿಗೆ ಕಂಡೊಡನೆ ಮರಿಗಳಿಗೂ ನನಗೂ ನಡುವೆ ಬಂದು ನಿಂತಿತು. ಶಾಂತಾ ಹುಗ್ಗಿ ಮಾಡಿದಳು. ಹುಸೇನಸಾಬರಿಗೆ ಫೋನು ಮಾಡಿದೆ, ಮರಿ ಬೆರಳುದ್ದ ಆದ ಮೇಲೆ ಕೊಡ ತೆಗೆದುಕೊಂಡು ತಾವೇ ಬರುವುದಾಗಿ ಹೇಳಿದರು. ಅವ್ವ ಹೌದಿನ ಬಳಿ ನಿಂತು ಬಹಳ ಹೊತ್ತು ನೋಡಿ, "ಪಾಡಾತು, ಉಪವಾಸ ಮುಗೀತು" ಅಂದಳು.

ನನಗೆ ಇನ್ನು ತಡೆಯಲಾಗಲಿಲ್ಲ. "ಅವ್ವಾ, ಈಗರ ಕೇಳು. ಅದು ಉಪವಾಸ ಅಲ್ಲ. ಅದು ಬಾಯಾಗ ತತ್ತಿ ಇಟ್ಕೊಂಡಿತ್ತು" ಎಂದು ಪಾಠ ಶುರು ಮಾಡಿದೆ.

"ಗೊತ್ತೈತಿ ಬಿಡು" ಅಂದಳು ಅವ್ವ.

"ಏನ್ ಗೊತ್ತೈತಿ?"

"ತಾಂಬಾದಾಗ ನಮ್ಮ ಅಪ್ಪನ ಬಾವ್ಯಾಗ ಇವs ಇದ್ದುವು. ಗದ್ದ ಉಬ್ಬಿಸ್ಕೊಂಡ ಕುಂತ್ವು ಅಂದ್ರ ನಮ್ಮಪ್ಪ, 'ಆ ಮೂಲ್ಯಾಗ ಕೊಡಾ ಬಿಡಬ್ಯಾಡ್ರವಾ, ಮಕ್ಕಳ ತಂದಿ ಅದಾನ' ಅಂತಿದ್ದ. ನಾ ಹುಡುಗಿ ಇದ್ದಾಗಿಂದ ನೋಡೇನಿ."

ನಾನು ಜಾಳಿಗೆ ಕೆಳಗಿಟ್ಟೆ. "ಮತ್ತ ಮೊದಲs ಯಾಕ ಹೇಳಲಿಲ್ಲ? ಉಪವಾಸ, ಫಳಾರ ಅಂತ ಓಣಿ ಮಂದೀನೆಲ್ಲಾ ಯಾಕ ನಂಬಿಸಿದಿ?"

"ಉಪವಾಸ ಅಂದ್ರ ಮಂದಿ ಕೈ ಮುಗದ ದೂರ ನಿಲ್ತಾರ. ತತ್ತಿ ಐತಿ ಅಂದಿದ್ರ ನೀ ದೂರ ನಿಲ್ತಿದ್ದೇನು? ಸಾಲಿ ಹುಡುಗ್ರನ್ನೆಲ್ಲಾ ಸಾಲಹಚ್ಚಿ ಕರಕೊಂಡ ಬಂದು, ಅದರ ಬಾಯಿ ತಗದ ತಗದ ತೋರಸ್ತಿದ್ದಿ. ಎರಡ ಹೋಗಿದ್ವು ನಿನ್ನ ಚಮಚದಾಗ. ಎಲ್ಲಾ ಹೋಗ್ತಿದ್ವು."

ನನಗೆ ಕೆಟ್ಟ ಸಿಟ್ಟು ಬಂತು. ಐವತ್ತು ದಾಟಿದ ಮಗನ ಮೇಲೆ ತಾಯಿಗೆ ಇಷ್ಟೂ ನಂಬಿಕೆ ಇಲ್ಲವೇ? ನಾನೇನು ಅಷ್ಟು ತಿಳಿಗೇಡಿಯೇ? ಇದನ್ನು ಕೇಳಿಯೇ ಬಿಡುತ್ತೇನೆಂದು, ಮುಖಕ್ಕೆ ಮುಖ ಕೊಟ್ಟು ಮಾತಾಡಲು ಕನ್ನಡಕದ ಡಬ್ಬಿ ತೆರೆದೆ. ಕನ್ನಡಕದ ಜೊತೆ ಮುದ್ದೇಬಿಹಾಳದಿಂದ ಬಂದ ಬಸ್ಸಿನ ಟಿಕೆಟು ಹೊರಗೆ ಬಂತು. ಅದರ ಹಿಂದೆ, ಟ್ರಾಕ್ಟರಿನ ಟೈರು ಇಳಿಸುವ ಹೊತ್ತಿನಲ್ಲಿ, ಆ ಅಷ್ಟು ಗಾಬರಿಯಲ್ಲೂ ನನ್ನದೇ ದುಂಡನೆಯ ಅಕ್ಷರದಲ್ಲಿ ಬರೆದಿಟ್ಟದ್ದು: "ಮಂಗಳವಾರ ಎಂಟನೇ ಎ. ಬುಧವಾರ ಎಂಟನೇ ಬಿ. ಗುರುವಾರ ಒಂಬತ್ತು. ಬೇಕಾದದ್ದು: ಟಾರ್ಚು, ಬಿಳಿ ಬಕೆಟ್ಟು, ಸಣ್ಣ ಚಮಚ." ಕನ್ನಡಕ ಹಾಕಿಕೊಳ್ಳದೆಯೇ ಅದನ್ನು ನುಣ್ಣಗೆ ಹರಿಯತೊಡಗಿದೆ.

"ಏನೋ ತಮ್ಮಾ ಅದು?" ಎಂದಳು ಅವ್ವ.

"ಏನಿಲ್ಲವ್ವಾ. ಹಳೇ ಟಿಕೆಟು."

"ಹೌದಿನ್ಯಾಗ ಚೆಲ್ಲಬ್ಯಾಡ" ಅಂದಳು. "ಮರಿ ಅದಾವ."